ಐಸು ಕರಗ್ತೈತಿ, ತಡೀರಿ

ಬಳ್ಳಿಗಾವಿಗೆ ಬಂದವರಿಗೆ ಕೇದಾರೇಶ್ವರ ಗುಡಿಯ ಕೆತ್ತನೆ ತೋರಿಸಲು ಬೇಕಾದಷ್ಟು ಜನರಿದ್ದಾರೆ. ಗಾಡಿ ಕೈಕೊಟ್ಟರೆ ಮಾತ್ರ ಕಾರ್ಬೇಟರಣ್ಣನೇ ಗತಿ. ಅಪ್ಪ-ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಷ್ಟೇ ಉಳಿದಿದೆ. ಬೈಕು ಮಿಸ್ ಹೊಡೆಯಲಿ, ಅಡಿಕೆಗೆ ಔಷಧಿ ಹೊಡೆಯುವ ಪಂಪು ನಿಲ್ಲಲಿ, ಅವನ ತೀರ್ಪು ಒಂದೇ: "ಕಾರ್ಬೇಟರ್‌ಗೆ ಕಸ ಬಂದೈತಿ." ಡೀಸೆಲ್ ಟಿಲ್ಲರ್ ತಂದವನಿಗೂ ಹಾಗೇ ಅಂದ. "ಡೀಸೆಲ್ ಎಂಜಿನ್‌ಗೆ ಕಾರ್ಬೇಟರ್ ಎಲ್ಲೈತಿ?" ಎಂದು ಅವನು ಕೇಳಿದರೆ, "ಅದಕ್ಕೇ ಕೆಟ್ಟಿರಾದು" ಎಂದ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾಗಿ, ಹೊಸ ಗಾಡಿಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂದಾಗ ಅವನ ಅಂಗಡಿಗೆ ಸೂತಕ ಹಿಡಿಯಿತು. "ಸಾರಿಗೆ ಒಗ್ಗರಣೆ ಬ್ಯಾಡ ಅಂದಂಗಾತು" ಎಂದು ಬಂದವರೆದುರೆಲ್ಲ ಗೋಳಾಡಿದ.

ಅಷ್ಟರಲ್ಲಿ ಬೆಂಗಳೂರಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದ ಹುಡುಗನೊಬ್ಬ ರಜೆಗೆ ಊರಿಗೆ ಬಂದ.

"ವಿಮಾನಕ್ಕೂ ಕಾರ್ಬೇಟರ್ ಇರ್ತೈತೇನಪಾ?"

"ಎಷ್ಟೋ ಸಣ್ಣ ವಿಮಾನಗಳಿಗೆ ಇವತ್ತಿಗೂ ಐತಿ ಮಾವ. ಎಚ್‌ಎಎಲ್‌ನೋರು 1958ರಲ್ಲಿ ಹಾರಿಸಿದ ಪುಷ್ಪಕ್‌ಗೂ ಇತ್ತು, 90 ಕುದುರೆ ಬಲದ ಎಂಜಿನ್ ಅದು. ಆದ್ರೆ ಅಂಥವುಕ್ಕೆ ಕಸಕ್ಕಿಂತ ಐಸಿನ ಕಾಟ. ಹೊರಗೆ 25 ಡಿಗ್ರಿ ಇದ್ರೂ, ಗಾಳಿಲಿ ತೇವ ಇದ್ರೆ ಸಾಕು, ಐಸು ಕಟ್ತೈತಿ."

"25 ಡಿಗ್ರಿಗೆ ಐಸಾ? ಐಸ್‌ಕ್ಯಾಂಡಿ ಮಾರೋನಿಗೆ ಹೇಳು, ಫ್ರಿಜ್ ಖರ್ಚು ಉಳೀತೈತಿ."

ಹುಡುಗ ಮಾತಾಡಲಿಲ್ಲ. ಜೆಟ್ ತೊಳೆಯುವ ತಟ್ಟೆಯಿಂದ ಎರಡು ಹನಿ ಪೆಟ್ರೋಲು ತೆಗೆದು ಅಣ್ಣನ ಮುಂಗೈಗೆ ಹಚ್ಚಿ, "ಊದ್ರಿ" ಎಂದ. ಅಣ್ಣ ಊದಿದ. ಮುಂಗೈ ಜುಮ್ಮೆಂದಿತು. ನಲವತ್ತು ವರ್ಷ ಅದೇ ತಟ್ಟೆಯಲ್ಲಿ ಅದ್ದಿದ ಬೆರಳು ಅವತ್ತು ಮೊದಲ ಸಲ ತಣ್ಣಗಾದಂತೆ ನೋಡಿಕೊಂಡ.

"ಪೆಟ್ರೋಲು ಆವಿ ಆಗೋವಾಗ ಶಾಖ ಹೀರ್ತೈತಿ. ಕಾರ್ಬೇಟರಿನ ಗಂಟಲು ಇಕ್ಕಟ್ಟು, ಅಲ್ಲಿ ಗಾಳಿ ಒತ್ತಡನೂ ಇಳೀತೈತಿ. ಎರಡೂ ಸೇರಿ 20 ಡಿಗ್ರಿಗೂ ಮೇಲೆ ತಣ್ಣಗಾಗಬಹುದು. ಥ್ರಾಟಲ್ ಮೇಲೆ ಐಸು ಕೂತು ಗಾಳಿ ದಾರಿ ಕಟ್ತೈತಿ. ಆರ್‌ಪಿಎಂ ಇಳೀತೈತಿ, ಎಂಜಿನ್ ಮಿಸ್ ಹೊಡೀತೈತಿ."

"ಆಕಾಶದಾಗೆ ಗ್ಯಾರೇಜ್ ಎಲ್ಲಿ ಹುಡುಕ್ತೀರಪಾ?"

"ಒಂದು ನಾಬ್ ಎಳೀತೀವಿ. ಸೈಲೆನ್ಸರ್ ಸುತ್ತ ಕಾದ ಗಾಳಿ ಒಳಗೆ ಬರ್ತೈತಿ. ಐಸು ಕರಗಿದ ನೀರು ಎಂಜಿನ್‌ಗೆ ಹೋಗಿ ಮೊದಲು ಕೆಮ್ಮು ಇನ್ನೂ ಜೋರಾಗ್ತೈತಿ. ಹೊಸಬ್ರು ಹೆದರಿ ನಾಬ್ ವಾಪಸ್ ತಳ್ಳಿಬಿಡ್ತಾರ. ತಡಕೊಂಡ್ರೆ ಸರಿಹೋಗ್ತೈತಿ."

ಅವತ್ತಿನಿಂದ ಅಣ್ಣ ನೆಲದ ಮೇಲಿಲ್ಲ. ಸೋಗಾನೆಯ ನಿಲ್ದಾಣಕ್ಕೆ ಬರುವ ವಿಮಾನಕ್ಕೆ ಕಾರ್ಬೇಟರ್ ಇಲ್ಲವೆಂದು ತಿಳಿದು, ಅದನ್ನು ಲೆಕ್ಕದಿಂದಲೇ ತೆಗೆದುಹಾಕಿದ್ದಾನೆ. 1047ರ ಭೇರುಂಡೇಶ್ವರ ಕಂಬ ನೋಡಲು ಬಂದವರಿಗೆ, "ಹಕ್ಕಿಗೆ ತಲೆ ಎರಡು, ಅಂದ್ರ ಕಾರ್ಬೇಟರೂ ಎರಡು" ಎಂದು ವಿವರಿಸುತ್ತಾನೆ.

ನಿಜವಾದ ಲಾಭ ಬೇರೆಯೇ ಇದೆ. ಮೊದಲೆಲ್ಲ ರಿಪೇರಿಯಾದ ಗಾಡಿ ಮೊದಲಿಗಿಂತ ಕೆಟ್ಟು ವಾಪಸ್ ಬಂದರೆ ಅವನ ಮುಖ ಸಪ್ಪಗಾಗುತ್ತಿತ್ತು. ಈಗ ಚಹಾ ಲೋಟ ಕೆಳಗಿಡದೆ, "ಕೆಮ್ಮು ಜೋರಾಗೈತಾ? ಗುಣದ ಲಕ್ಷಣ. ಐಸು ಕರಗ್ತೈತಿ, ತಡೀರಿ. ವಿಮಾನದೋರೇ ತಡಕೊಂತಾರ" ಎನ್ನುತ್ತಾನೆ.

ನನ್ನ ಸ್ಕೂಟರಿನ ಐಸು ಕರಗಲು ಶುರುವಾಗಿ ಇವತ್ತಿಗೆ ಮೂರು ವಾರ.