ಗಲ್ಲಾ ಬಿಟ್ಟು ಏಳುವುದು

ಕುಟುಂಬದ ವ್ಯಾಪಾರ ತಲೆಮಾರಿನಿಂದ ತಲೆಮಾರಿಗೆ ದಾಟುವ ಬಗೆಯನ್ನು ಅಭ್ಯಾಸ ಮಾಡಲು ಕರ್ನಾಟಕದಲ್ಲಿ ಹೋಟೆಲಿಗಿಂತ ಅನುಕೂಲವಾದ ಜಾಗವಿಲ್ಲ. ಜವಳಿ ಅಂಗಡಿ, ಅಡಿಕೆ ಮಂಡಿ, ಚಿನ್ನಬೆಳ್ಳಿ ಅಂಗಡಿಗಳೂ ಅಪ್ಪನಿಂದ ಮಗನಿಗೆ ಇಳಿದು ಬರುವುದುಂಟು. ಆದರೆ ಅಲ್ಲಿ ಹೆಚ್ಚು ಹೊತ್ತು ಕೂತು ನೋಡಬೇಕಾದರೆ ಏನಾದರೂ ಕೊಳ್ಳಬೇಕಾಗುತ್ತದೆ; ಅದರಲ್ಲೂ ಚಿನ್ನದಂಗಡಿಯಲ್ಲಿ ಈ ಸಂಶೋಧನೆ ದುಬಾರಿ. ಹೋಟೆಲಿನಲ್ಲಾದರೆ ಒಂದು ಬೈಟೂ ಕಾಫಿಗೆ ಮೂರು ತಲೆಮಾರಿನ ಚರಿತ್ರೆ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಮೊದಲನೆಯವರು ಹಾರ ಹಾಕಿಸಿಕೊಂಡು ಗೋಡೆಯ ಮೇಲಿದ್ದಾರೆ, ಎರಡನೆಯವರು ಗಲ್ಲಾದಲ್ಲಿದ್ದಾರೆ, ಮೂರನೆಯವರು ಗಲ್ಲಾದ ಪಕ್ಕ ನಿಂತು ಮೊಬೈಲ್ ನೋಡುತ್ತಿದ್ದಾರೆ.

ಮೊದಲನೆಯವರು ಬಹುಮಟ್ಟಿಗೆ ಉಡುಪಿ, ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಬಂದವರು. ಪಾರಂಪಳ್ಳಿ ಯಜ್ಞನಾರಾಯಣ ಮಯ್ಯರು ಸಹೋದರರ ಜೊತೆ 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು 1943ರಲ್ಲಿ ವೆಂಕಟರಮಣ ಉರಾಳರು ಶುರು ಮಾಡಿದರು. ಹೀಗೆ ಬಂದವರಲ್ಲಿ ಹೆಚ್ಚಿನವರಿಗೆ ತಾವು ಕುಟುಂಬದ ವ್ಯಾಪಾರವೊಂದನ್ನು ಕಟ್ಟುತ್ತಿದ್ದೇವೆ ಎಂಬ ಅರಿವು ಇದ್ದಿರಲಾರದು. ಅವರು ಕಟ್ಟಿದ್ದು ಹೊಟ್ಟೆಪಾಡು. ಅದು ಕುಟುಂಬದ ವ್ಯಾಪಾರ ಎಂದು ಮೊದಲು ಗೊತ್ತಾಗುವುದು ಎರಡನೆಯ ತಲೆಮಾರಿಗೆ. ಅದೂ ಸಾಮಾನ್ಯವಾಗಿ ಬೇಸಿಗೆ ರಜದಲ್ಲಿ, ಬೇರೆ ಹುಡುಗರೆಲ್ಲ ಕ್ರಿಕೆಟ್ ಆಡುವ ಹೊತ್ತಿನಲ್ಲಿ.

ಹೋಟೆಲಿನ ಅಧಿಕಾರವೆಲ್ಲ ಇರುವುದು ಗಲ್ಲಾದಲ್ಲಿ. ಸ್ಥಾಪಕರು ಅದನ್ನು ಇಡುವ ಜಾಗ ವಾಸ್ತುವಿಗಿಂತ ನೋಟವನ್ನು ನಂಬಿದ್ದು. ಕೂತಲ್ಲಿಂದಲೇ ಅಡಿಗೆಮನೆಯ ಬಾಗಿಲು, ಕೈ ತೊಳೆಯುವ ಜಾಗ, ದುಡ್ಡು ಕೊಡದೆ ಹೋಗಬಹುದಾದ ಗಿರಾಕಿ, ಎದುರು ಹೋಟೆಲಿನ ಜನಸಂದಣಿ, ಎಲ್ಲವೂ ಕಾಣಬೇಕು. ಮೇಜಿನ ಮೇಲೆ ಊದುಬತ್ತಿ, ಸೋಂಪಿನ ಬಟ್ಟಲು. ಒಳಗೆ ಚಿಲ್ಲರೆ, ಹರಿದ ನೋಟು, ಯಾರೋ ಮರೆತುಹೋದ ಕನ್ನಡಕ. ಇಂಥ ಆಸನದಲ್ಲಿ ನಲವತ್ತು ವರ್ಷ ಕೂತವರಿಗೆ ಜಗತ್ತು ಬೇರೆ ಯಾವ ಕೋನದಿಂದಲೂ ಸರಿಯಾಗಿ ಕಾಣುವುದಿಲ್ಲ. ಮುಂದಿನ ತೊಂದರೆಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಎರಡನೆಯವರ ಶಿಕ್ಷಣಕ್ಕೆ ಬರೆಯದ ಪಠ್ಯಕ್ರಮವೊಂದಿದೆ. ಮೊದಲು ಬೆಳಗಿನ ಜಾವದ ಮಾರ್ಕೆಟ್ಟು, ಆಮೇಲೆ ರುಬ್ಬುವ ಕಲ್ಲಿನ ಪಕ್ಕ, ಆಮೇಲೆ ಸಪ್ಲೈ, ಉಗ್ರಾಣದ ಲೆಕ್ಕ, ಎಲ್ಲಕ್ಕಿಂತ ಕೊನೆಗೆ ಗಲ್ಲಾ. ಗಲ್ಲಾದ ಮೊದಲ ಪಾಠ ಅಪ್ಪ ಊಟಕ್ಕೆ ಎದ್ದಾಗ ಆಗುತ್ತದೆ. “ಸ್ವಲ್ಪ ಕೂತಿರು, ಬಂದೆ” ಎಂದು ಹೇಳಿ ಹೋಗುತ್ತಾರೆ, ನಿಜಕ್ಕೂ ಬಂದೇ ಬಿಡುತ್ತಾರೆ. ಈ ‘ಸ್ವಲ್ಪ ಕೂತಿರು’ ಇಪ್ಪತ್ತು ವರ್ಷ ನಡೆದ ಉದಾಹರಣೆಗಳಿಗೆ ಕೊರತೆಯಿಲ್ಲ. ಅಷ್ಟರಲ್ಲಿ ಮಗನಿಗೂ ಕೂದಲು ನೆರೆತಿರುತ್ತದೆ, ಮಂಡಿನೋವು ಶುರುವಾಗಿರುತ್ತದೆ. ಆದರೂ ಊರಿನಿಂದಲೇ ಬಂದ ಹಳೆಯ ಅಡಿಗೆ ಭಟ್ಟರ ಬಾಯಲ್ಲಿ ಅವರಿನ್ನೂ ಮಾಣಿಯೇ. ಸಾಂಬಾರಿಗೆ ಬೆಲ್ಲ ಕಡಿಮೆ ಮಾಡಿ ಎಂದು ಮಾಣಿ ಹೇಳಿದರೆ ಭಟ್ಟರು ಗಲ್ಲಾದ ಕಡೆ ನೋಡುತ್ತಾರೆ. ಗಲ್ಲಾ ತಲೆಯಾಡಿಸಿದರೆ ಮಾತ್ರ ಬೆಲ್ಲ ಇಳಿಯುತ್ತದೆ.

ಹಿರಿಯರು ನಿವೃತ್ತರಾಗುವುದೂ ಉಂಟು. ಇದನ್ನು ಹೆಚ್ಚಾಗಿ ಆಯುಧಪೂಜೆಯ ದಿನ, ನೆಂಟರಿಷ್ಟರ ಎದುರು, ಬೀಗದಕೈ ಗೊಂಚಲನ್ನು ದೇವರ ಮುಂದಿಟ್ಟು ಘೋಷಿಸಲಾಗುತ್ತದೆ. ಮರುದಿನ ಬೆಳಗ್ಗೆ ಐದು ಗಂಟೆಗೆ ನಿವೃತ್ತರು ಅಡಿಗೆಮನೆಯಲ್ಲಿರುತ್ತಾರೆ. ಕೇಳಿದರೆ, ಮನೆಯಲ್ಲಿ ನಿದ್ದೆ ಬರುವುದಿಲ್ಲ ಎಂಬ ಉತ್ತರ. ಚಟ್ನಿಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ “ಹ್ಞೂಂ” ಎನ್ನುತ್ತಾರೆ, ಅಷ್ಟೆ. ಬೈದರೆ ಮಗ ಎದುರು ಮಾತನಾಡಬಹುದಿತ್ತು. ಹ್ಞೂಂಕಾರಕ್ಕೆ ಉತ್ತರ ಕೊಡುವ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಮುಂಬೈ, ಹೈದರಾಬಾದಿನ ದೊಡ್ಡ ಮ್ಯಾನೇಜ್‌ಮೆಂಟ್ ಶಾಲೆಗಳು ಕುಟುಂಬದ ವ್ಯಾಪಾರಕ್ಕೆಂದೇ ಕೋರ್ಸುಗಳನ್ನು ನಡೆಸುತ್ತವೆ. ಉತ್ತರಾಧಿಕಾರಿಯನ್ನು ಸಿದ್ಧಗೊಳಿಸುವುದು ಹೇಗೆಂದು ಅಲ್ಲಿ ಪಾಠವಾಗುತ್ತದೆ. ಆದರೆ ನಮ್ಮ ಹೋಟೆಲುಗಳಲ್ಲಿ ಕೂರುವವರಿಗೆ ಅಂಥ ಬರವೇನೂ ಇಲ್ಲ. ಏಳುವವರಿಗೆ ಬರ.

ಎರಡನೆಯವರಿಗೆ ನಿಜವಾದ ಅವಕಾಶ ಸಿಗುವುದು ಅಪ್ಪನ ಅನುಭವ ಉಪಯೋಗಕ್ಕೆ ಬಾರದ ಆಪತ್ತಿನಲ್ಲಿ. ಯಾವ ತಲೆಮಾರಿನದಾದರೂ ಹಳೆಯ ಅನುಭವ ಉಪಯೋಗಕ್ಕೆ ಬಾರದ ಎರಡು ಆಪತ್ತುಗಳು ಎಂಟಿಆರ್ ಚರಿತ್ರೆಯಲ್ಲಿವೆ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ಇವತ್ತಿನ ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂಬುದು ಆ ಮನೆಯವರ ಮಾತು; ತಿಂದವರು ಒಪ್ಪಿಕೊಂಡಿದ್ದಾರೆ. ಆಮೇಲೆ ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಗೆ ಕಟ್ಟಿದ ದರದಲ್ಲಿ ಮಾರಿದರೆ ನಷ್ಟವಾಗಿ ಹೋಟೆಲನ್ನೇ ಮುಚ್ಚಬೇಕಾಯಿತು. ಕೆಲಸದವರನ್ನು ಮನೆಗೆ ಕಳಿಸಲಾರದೆ ಮಸಾಲೆಪುಡಿ, ತಿಂಡಿಯ ಮಿಕ್ಸ್‌ಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಹೋಟೆಲು ಮುಂದೆ ಮತ್ತೆ ತೆರೆಯಿತು. ಅಷ್ಟರಲ್ಲಿ ಪೊಟ್ಟಣ ತಾನೇ ಒಂದು ದೊಡ್ಡ ಉದ್ಯಮದ ದಾರಿ ಹಿಡಿದಿತ್ತು. ಎಲ್ಲವೂ ಸುಗಮವಾಗಿ ನಡೆಯುತ್ತಿದ್ದರೆ ಆ ಪೊಟ್ಟಣಕ್ಕೆ ಯಾವ ಗಲ್ಲಾ ಒಪ್ಪಿಗೆ ಕೊಡುತ್ತಿತ್ತೋ ದೇವರೇ ಬಲ್ಲ.

ಗಂಡುಮಕ್ಕಳು ಒಬ್ಬರಿಗಿಂತ ಹೆಚ್ಚಿದ್ದಲ್ಲಿ ಕಾನೂನು ಒಳಗೆ ಬರುತ್ತದೆ. ಈ ವಿಷಯದಲ್ಲಿ ಕನ್ನಡನಾಡು ಇಡೀ ದೇಶಕ್ಕೆ ಉಪಕಾರವನ್ನೋ ಉಪದ್ರವವನ್ನೋ ಮಾಡಿದೆ. ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರವೇ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಹಕ್ಕಿಗೆ ಬುನಾದಿ. ಅದರ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ದಾಯಭಾಗ ಪದ್ಧತಿಯಲ್ಲಿ ಅಪ್ಪ ತೀರಿಕೊಳ್ಳುವವರೆಗೆ ಕಾಯಬೇಕು. ತೊಟ್ಟಿಲಲ್ಲಿರುವಾಗಲೇ ತಾನು ಪಾಲುದಾರನಾಗಿದ್ದೆ ಎಂಬುದು ನಮ್ಮ ಮಗನಿಗೆ ತಿಳಿಯುವುದು ಮದುವೆಯಾದ ಮೇಲೆ, ಮಾವನ ಮನೆಯ ಕಡೆಯ ವಕೀಲರಿಂದ. ಹೋಟೆಲು ಪಿತ್ರಾರ್ಜಿತವೋ ಅಪ್ಪನ ಸ್ವಯಾರ್ಜಿತವೋ ಎಂಬ ಒಂದೇ ಪ್ರಶ್ನೆ ಎಷ್ಟೋ ವಕೀಲರ ಮಕ್ಕಳನ್ನು ಡಾಕ್ಟರು ಮಾಡಿದೆ. ಇದರ ನಡುವೆ ಆದಾಯ ತೆರಿಗೆಯ ಕಾನೂನು ಅವಿಭಕ್ತ ಕುಟುಂಬವನ್ನು ಒಬ್ಬ ‘ವ್ಯಕ್ತಿ’ ಎಂದೇ ಲೆಕ್ಕ ಹಿಡಿದು ಅದಕ್ಕೆ ಪ್ರತ್ಯೇಕ ಪ್ಯಾನ್ ನಂಬರನ್ನೂ ಕೊಡುತ್ತದೆ. ಚಟ್ನಿಗೆ ಬೆಳ್ಳುಳ್ಳಿ ಹಾಕಬೇಕೋ ಬೇಡವೋ ಎಂಬುದರಲ್ಲಿ ಒಮ್ಮತವಿಲ್ಲದ ಒಂಬತ್ತು ಜನ ತೆರಿಗೆ ಇಲಾಖೆಯ ಕಣ್ಣಿಗೆ ಮಾತ್ರ ಒಬ್ಬರೇ.

ಪಾಲಾದದ್ದನ್ನು ತಿಳಿಯಲು ಪಾಲುಪಟ್ಟಿ ನೋಡಬೇಕಾಗಿಲ್ಲ, ಬೋರ್ಡು ನೋಡಿದರೆ ಸಾಕು. ಮೊದಲಿದ್ದ ಹೆಸರಿನ ಹಿಂದೆ ‘ನ್ಯೂ’ ಬಂದರೆ ತಮ್ಮ ಹೊರಗೆ ಬಂದ ಎಂದರ್ಥ. ಅಣ್ಣನ ಬೋರ್ಡಿನಲ್ಲಿ ಆಗ ‘ಒರಿಜಿನಲ್’ ಕಾಣಿಸುತ್ತದೆ. ಸೋದರತ್ತೆಯ ಮಕ್ಕಳೂ ಕಣಕ್ಕಿಳಿದರೆ ‘ಹಳೆಯ’ ಎಂಬುದು ಸೇರಿಕೊಂಡು, ಕೊನೆಗೆ ಎಲ್ಲರ ಬೋರ್ಡುಗಳಲ್ಲೂ ಸ್ಥಾಪಕರದು ಒಂದೇ ಭಾವಚಿತ್ರ ಮೂಡುತ್ತದೆ. ಇದಕ್ಕೆಲ್ಲ ಕಳಶವಿಟ್ಟಂತೆ ‘ನಮಗೆ ಬೇರೆಲ್ಲೂ ಶಾಖೆಗಳಿಲ್ಲ’ ಎಂಬ ವಾಕ್ಯ. ವ್ಯಾಪಾರದ ಪ್ರಕಟಣೆಯ ವೇಷದಲ್ಲಿರುವ ಈ ವಾಕ್ಯ ವಾಸ್ತವವಾಗಿ ಎದುರು ಬದಿಯಲ್ಲಿರುವ ಅಣ್ಣತಮ್ಮಂದಿರಿಗೆ ಬರೆದ ಬಹಿರಂಗ ಪತ್ರ. ಗಿರಾಕಿಗಳಿಗೆ ಇದರಿಂದ ಅನುಕೂಲವೇ ಆಗಿದೆ. ಒಬ್ಬನೇ ಅಜ್ಜನ ದೋಸೆ ನಾಲ್ಕು ಕಡೆ ಸಿಗುತ್ತದೆ, ನಾಲ್ಕು ಕಡೆಯೂ ಉಳಿದ ಮೂವರ ದೋಸೆಯ ಬಗ್ಗೆ ಉಚಿತ ಅಭಿಪ್ರಾಯವೂ ಸಿಗುತ್ತದೆ.

ಕರಾವಳಿಯ ಬಂಟರು ಮೊದಲಾದವರಲ್ಲಿದ್ದ ಅಳಿಯಸಂತಾನ ಪದ್ಧತಿ ಇದಕ್ಕೆ ಬೇರೆಯೇ ದಾರಿ ತೋರಿಸಿತ್ತು. ಅಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿದ್ದುದರಿಂದ ಮಾವನ ಕುರ್ಚಿಗೆ ಬರುವವನು ಸೋದರಳಿಯ. ಮುಂಬೈಯಲ್ಲಿ ಹೋಟೆಲ್ ಇಟ್ಟ ಶೆಟ್ಟರು ಊರಿನಿಂದ ಅಕ್ಕನ ಮಗನನ್ನು ಕರೆಸಿಕೊಂಡು ತಟ್ಟೆ ತೊಳೆಯುವುದರಿಂದ ಶುರುಮಾಡಿಸಿದ್ದು ಸಾಮಾನ್ಯ ಸಂಗತಿ. ಮಗನಿಗಿಂತ ಅಳಿಯನನ್ನು ಬೈಯುವುದು ಸುಲಭ, ಬೈಸಿಕೊಂಡು ಕಲಿಯುವುದೂ ಸುಲಭ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೊಡನೆ ಆ ಪದ್ಧತಿ ಹೆಚ್ಚುಕಡಿಮೆ ಮುಗಿಯಿತು. ಅಳಿಯಂದಿರನ್ನು ಕರೆಸಿಕೊಳ್ಳುವ ಅಭ್ಯಾಸ ಮುಗಿಯಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಕಾನೂನು ಬೋರ್ಡಿಗಿಂತ ಮುಂದಿದೆ. ‘ಅಂಡ್ ಸನ್ಸ್’ ಎಂದು ಬರೆಸುವಾಗ ಸನ್ಸ್‌ಗಳನ್ನೇ ಯಾರೂ ಕೇಳುವುದಿಲ್ಲ, ಡಾಟರ್ಸ್ ಹೆಸರು ಏಳುವುದು ಎಲ್ಲಿಂದ ಬಂತು? ಆದರೆ ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಎಂಟಿಆರ್ ಹೋಟೆಲುಗಳ ಮೂರನೆಯ ತಲೆಮಾರಿನಲ್ಲಿ ಮುಂದೆ ನಿಂತವರು ಹೇಮಮಾಲಿನಿ ಮಯ್ಯ, ತಮ್ಮಂದಿರ ಜೊತೆಯಲ್ಲಿ. ಇನ್ನು, ಗೋಡೆಯ ಮೇಲಿನ ಸ್ಥಾಪಕರು ಬದುಕಿದ್ದಾಗ ಸಾರಿನ ಪುಡಿಯ ಹದ ಹೇಳಿಕೊಟ್ಟವರು ಎಷ್ಟೋ ಕಡೆ ಮನೆಯೊಳಗಿನ ಅಜ್ಜಿ. ಆಕೆಯ ಭಾವಚಿತ್ರವನ್ನು ಹೋಟೆಲಿನ ಗೋಡೆಯ ಮೇಲೆ ಹುಡುಕುವುದು ವ್ಯರ್ಥ.

ಮೂರನೆಯವರು ಎಂಜಿನಿಯರಿಂಗ್ ಓದಿರುತ್ತಾರೆ. ಕೆಲವರು ಅಮೆರಿಕದಲ್ಲಿ ಉಳಿದು ವಾಟ್ಸ್ಆ್ಯಪ್‌ನಲ್ಲಿ ಸಲಹೆ ಕಳಿಸುತ್ತಾರೆ, ಕೆಲವರು ಕೆಲಸ ಬಿಟ್ಟು ಮರಳುತ್ತಾರೆ. ಮರಳಿದವರು ಮೊದಲು ಕೈ ಹಾಕುವುದು ಗಲ್ಲಾಕ್ಕೇ. ಕ್ಯೂಆರ್ ಚೀಟಿ ಅಂಟಿಸಿದ ದಿನದಿಂದ ದುಡ್ಡು ಗಲ್ಲಾಕ್ಕೆ ಬರದೆ ನೇರ ಬ್ಯಾಂಕಿಗೆ ಹೋಗುತ್ತದೆ. ಎಷ್ಟು ಬಂತೆಂದು ಪುಟ್ಟ ಪೆಟ್ಟಿಗೆಯೊಂದು ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಜೀವಮಾನವಿಡೀ ಆದಾಯವನ್ನು ಹೆಂಡತಿಗೂ ಹೇಳದ ಎರಡನೆಯವರಿಗೆ ಇದಕ್ಕಿಂತ ದೊಡ್ಡ ಆಘಾತವಿಲ್ಲ. ಆದರೂ ಅವರು ಗಲ್ಲಾ ಬಿಟ್ಟು ಏಳುವುದಿಲ್ಲ. ದುಡ್ಡಿಲ್ಲದ ಗಲ್ಲಾದಲ್ಲಿ ಕೂತು ಸೋಂಪು ಹಂಚುತ್ತಾರೆ.

ಮೂರನೆಯವರಿಗೆ ಅಪ್ಪನಿಗಿಂತ ಗಟ್ಟಿಯಾದ ಎದುರಾಳಿ ಹಳೆಯ ಗಿರಾಕಿ. ಒಂದು ರೂಪಾಯಿ ಬಂಡವಾಳ ಹಾಕದಿದ್ದರೂ ಈತ ಹುಟ್ಟಿನಿಂದಲೇ ಪಾಲುದಾರ. ಕುರ್ಚಿ ಬದಲಿಸಿದರೆ ರುಚಿ ಕೆಟ್ಟಿತೆನ್ನುತ್ತಾನೆ, ಬದಲಿಸದಿದ್ದರೆ ಹುಡುಗರಿಗೆ ಆಸಕ್ತಿಯಿಲ್ಲ ಎನ್ನುತ್ತಾನೆ. “ನಿಮ್ಮ ತಾತನ ಕಾಲದಲ್ಲಿ ಹೀಗಿರಲಿಲ್ಲ” ಎಂಬ ಅವನ ಮಾತನ್ನು ತಾತನೂ ತನ್ನ ಕಾಲದಲ್ಲಿ ಕೇಳಿರುತ್ತಾನೆ. ಧಾರವಾಡದ ಲೈನ್ ಬಜಾರಿನ ಠಾಕೂರ್ ಮನೆತನದವರು ಈ ಪಾಲುದಾರನನ್ನು ಚೆನ್ನಾಗಿ ಪಳಗಿಸಿದ್ದಾರೆ. ಉತ್ತರಪ್ರದೇಶದ ಉನ್ನಾವ್ ಕಡೆಯಿಂದ ಬಂದ ಆ ಮನೆಯವರು ಪೇಡೆಯ ಗುಟ್ಟನ್ನು ಮನೆಯೊಳಗೇ ಇಟ್ಟುಕೊಂಡು, ಮಾಡಿದಷ್ಟನ್ನೇ ಮಾರಿ, ಮುಗಿದರೆ ಮುಗಿಯಿತು ಎಂದು ಕೂತರು. ಗಿರಾಕಿ ದೂರದೆ ಸಾಲಿನಲ್ಲಿ ನಿಂತ.

ಮಾರಿಬಿಡುವುದನ್ನೂ ಸೋಲೆಂದು ಎಣಿಸಬೇಕಾಗಿಲ್ಲ. ಎಂಟಿಆರ್‌ನ ಪೊಟ್ಟಣದ ಉದ್ಯಮವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು, ಹೋಟೆಲುಗಳು ಮನೆಯವರಲ್ಲೇ ಉಳಿದವು. ವಿದ್ಯಾರ್ಥಿ ಭವನ 1970ರಲ್ಲಿ ಉರಾಳರಿಂದ ರಾಮಕೃಷ್ಣ ಅಡಿಗರ ಕೈಗೆ ಬಂದು, ಈಗ ಅವರ ಮನೆತನದ ವ್ಯಾಪಾರವಾಗಿದೆ. ದೋಸೆಗೆ ವಂಶವೃಕ್ಷ ಬೇಕಾಗಿಲ್ಲ. ಜಪಾನಿನ ಒಸಾಕಾದಲ್ಲಿ 578ರಲ್ಲಿ ಹುಟ್ಟಿ ದೇವಾಲಯ ಕಟ್ಟುತ್ತ ಬಂದ ಕೊಂಗೊ ಗುಮಿ ಒಂದೇ ಮನೆತನದಲ್ಲಿ ಉಳಿದದ್ದೂ ರಕ್ತದ ಬಲದಿಂದಷ್ಟೇ ಅಲ್ಲ. ಯೋಗ್ಯ ಮಗನಿಲ್ಲದಾಗ ಯೋಗ್ಯ ಅಳಿಯನಿಗೆ ಮನೆತನದ ಹೆಸರು ಕೊಟ್ಟು ಕೂರಿಸುತ್ತಿದ್ದರು. ನಮ್ಮಲ್ಲಿ ಮನೆ ಅಳಿಯನೆಂದರೆ ಹಾಸ್ಯನಾಟಕದ ಪಾತ್ರ. ಅಲ್ಲಿ ಆತ ಸಾವಿರದ ನಾನ್ನೂರು ವರ್ಷ ಸಂಸ್ಥೆಯನ್ನು ಹೊತ್ತವರಲ್ಲಿ ಒಬ್ಬ. ಸಾಲದ ಹೊರೆಯಿಂದ 2006ರಲ್ಲಿ ಅದೂ ದೊಡ್ಡ ಕಂಪನಿಯೊಂದರ ಮಡಿಲು ಸೇರಿತು.

ಇನ್ನುಳಿದದ್ದು ಕಾಗದಪತ್ರ. 1932ರ ಪಾಲುದಾರಿಕೆ ಕಾಯ್ದೆಯಂತೆ, ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ ಒಬ್ಬ ಪಾಲುದಾರ ತೀರಿಕೊಂಡೊಡನೆ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಆದ್ದರಿಂದ ಆ ಒಂದು ಸಾಲು ಇದೆಯೇ ಎಂದು ಮಾಲೀಕರು ಇಂದೇ ಪತ್ರ ತೆಗೆದು ನೋಡುವುದು ಒಳ್ಳೆಯದು. ಉಯಿಲಿಗಂತೂ ಇಷ್ಟು ತಾಪತ್ರಯವೂ ಇಲ್ಲ. ಸ್ಟಾಂಪ್ ಪೇಪರ್ ಬೇಡ, ನೋಂದಣಿ ಕಡ್ಡಾಯವಲ್ಲ, ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರಿಂದಲೂ ಸಹಿ ಹಾಕಿಸಿದರೆ ಸಾಕು. ತಿಂಡಿಯ ರಶ್ಶು ಮುಗಿದು ಊಟದ ಎಲೆ ಬೀಳುವ ಮೊದಲು ಮುಗಿಸಬಹುದಾದ ಕೆಲಸ. ಅದಕ್ಕೆ ಗಲ್ಲಾ ಬಿಟ್ಟು ಏಳಬೇಕಾಗಿಯೂ ಇಲ್ಲ.