ನೌಭಂಗಪುತ್ಥಳೀಮೀಮಾಂಸೆ: ಪ್ರಥಮ ಪ್ರಕರಣ

ಹಡಗೊಡೆದು ಕಡಲಲ್ಲಿ ಬದುಕುಳಿದವನ ಕಾದಂಬರಿಯನ್ನು ಗೊಂಬೆಗಳಿಂದ ರಂಗಕ್ಕೆ ತರುವ ವ್ಯಾಪಾರವನ್ನು ಲೋಕವು ಇಂದಿಗೂ ಕಲೆಯೆಂದೇ ಭ್ರಮಿಸಿದೆ. ವಸ್ತುತಃ ಅದು ಶಾಸ್ತ್ರ. ನಾಗಮಂಗಲದ ತೊಗಲುಗೊಂಬೆಯನ್ನೂ ಕನ್ನಂಬಾಡಿಯ ಹರಿಗೋಲನ್ನೂ ಪ್ರಮಾಣವಾಗಿಟ್ಟುಕೊಂಡು ಅದರ ದಾಕ್ಷಿಣಾತ್ಯ ಶಾಖೆಯನ್ನು ಇಲ್ಲಿ ಸ್ಥಾಪಿಸಲಾಗುತ್ತಿದೆ.

ಲಕ್ಷಣ: ಜಲವಿಲ್ಲದೆಡೆ, ಜೀವವಿಲ್ಲದ ಪ್ರಾಣಿಯು, ಒಂದೇ ದೋಣಿಯಲ್ಲಿರುವ ಮನುಷ್ಯನನ್ನು ತಿನ್ನದಿರುವಿಕೆಯೇ ನೌಭಂಗಪುತ್ಥಳೀನಾಟ್ಯ.

ಪದಕೃತ್ಯ: ‘ಜಲವಿಲ್ಲದೆಡೆ’ ಎಂಬುದನ್ನು ಬಿಟ್ಟರೆ ಬೆಳಗೊಳದ ಆಚೆಯ ಹಿನ್ನೀರಿನಲ್ಲಿ ಬಲೆ ಎಳೆದು ಮರಳುವ ಮೀನುಗಾರನಲ್ಲಿ ಅತಿವ್ಯಾಪ್ತಿಯಾಗುತ್ತದೆ, ಅವನ ಹರಿಗೋಲಿನಲ್ಲಿಯೂ ಜೀವವಿಲ್ಲದ ಪ್ರಾಣಿಗಳಿದ್ದು, ಅವು ಅವನನ್ನು ತಿನ್ನುವುದಿಲ್ಲ. ಕನ್ನಂಬಾಡಿಯ ಜಲಾಶಯವು 124.80 ಅಡಿ ತುಂಬಿದಾಗ ಈ ನಿವಾರಣೆ ನಿರ್ವಿವಾದ. ಹಿನ್ನೀರು ಬತ್ತಿದ ವರ್ಷ ಜಲವೂ ಇಲ್ಲವಲ್ಲವೇ ಎಂದರೆ, ಮೀನೂ ಇರುವುದಿಲ್ಲ. ಲಕ್ಷಣವು ಬರಗಾಲದಲ್ಲಿಯೂ ಸುರಕ್ಷಿತ. ಮನುಷ್ಯನಿಗೆ ‘ಸಜೀವ’ ಎಂಬ ವಿಶೇಷಣ ಹಚ್ಚುವಂತಿಲ್ಲ. ನಾಗಮಂಗಲದಲ್ಲಿ ಮನುಷ್ಯನೂ ಚರ್ಮವೇ ಆದ್ದರಿಂದ ಅವ್ಯಾಪ್ತಿ ಬರುತ್ತದೆ. ಅಸಂಭವದೋಷವು ಕಥೆಗೆ ಉಂಟು, ಲಕ್ಷಣಕ್ಕಿಲ್ಲ.

ಲಕ್ಷ್ಯ: ಯಾನ್ ಮಾರ್ಟೆಲ್‌ರ ‘ಲೈಫ್ ಆಫ್ ಪೈ’ (2001). ಪಾಂಡಿಚೇರಿಯ ಪೈ ಪಟೇಲನು ರಿಚರ್ಡ್ ಪಾರ್ಕರ್ ಎಂಬ ಹುಲಿಯೊಡನೆ 26 ಅಡಿಯ ದೋಣಿಯಲ್ಲಿ 227 ದಿನ ಅಭಕ್ಷಿತನಾಗಿ ಉಳಿದನು. ಲೋಲಿತಾ ಚಕ್ರವರ್ತಿ ಮಾಡಿದ ರಂಗರೂಪವು 2019ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮೊದಲು ಆಡಲ್ಪಟ್ಟಿತು.

ಹಸ್ತದರ್ಶನಭೇದದಿಂದ ಈ ನಾಟ್ಯವು ದ್ವಿವಿಧ.

1. ವ್ಯಕ್ತಹಸ್ತ. ಶೆಫೀಲ್ಡಿನ ಹುಲಿ ಈ ವರ್ಗದ್ದು. ಅದನ್ನು ಆಡಿಸುವವರು ಪ್ರೇಕ್ಷಕರಿಗೆ ಕಾಣುತ್ತಾರೆ, ಕಂಡರೂ ಲೆಕ್ಕಕ್ಕೆ ಬರುವುದಿಲ್ಲ. ಅವರು ತ್ರಿವಿಧ: ಶಿರೋವಾಹ, ಹೃದಯವಾಹ, ಪೃಷ್ಠವಾಹ. (ಕೊನೆಯದು ಸ್ಥಾನವಾಚಕ, ನಿಂದಾವಾಚಕವಲ್ಲ.) 2022ರ ಒಲಿವಿಯರ್ ಪ್ರಶಸ್ತಿಯಲ್ಲಿ ಪೋಷಕನಟ ಪದವಿಯು ಹುಲಿಯ ಪಾತ್ರ ವಹಿಸಿದ ಏಳು ಜನಕ್ಕೆ ಒಟ್ಟಾಗಿ ಸಂದಿತು. ತಸ್ಮಾತ್, ಏಕಕಾಲದ ವ್ಯಾಘ್ರವು ತ್ರಿಪುರುಷಾತ್ಮಕ. ಪ್ರಶಸ್ತಿಕಾಲದ ವ್ಯಾಘ್ರವು ಸಪ್ತಪುರುಷಾತ್ಮಕ. ಪೃಷ್ಠವಾಹನಿಗೆ ಮುಖಾಭಿನಯವಿಲ್ಲದಿದ್ದರೂ ಸಪ್ತಮಾಂಶದಲ್ಲಿ ಕಡಿತವಿಲ್ಲ.

2. ಗುಪ್ತಹಸ್ತ. ಬಿಳಿಯ ಪರದೆ, ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಬಣ್ಣ ಹಚ್ಚಿದ ತೊಗಲು. ಇದು ಪುನಃ ದ್ವಿವಿಧ.

2.ಅ. ಏಕಪಾತ್ರಚರ್ಮ. ಹುಲಿಗೊಂದು ತೊಗಲು, ಹುಡುಗನಿಗೊಂದು ತೊಗಲು. ಪರದೆಗೆ ಆಳವಿಲ್ಲ. ಆದಕಾರಣ ಹುಲಿಯು ಹುಡುಗನ ಹಿಂದೆ ಅಡಗಲಾರದು; ಪಕ್ಕದಲ್ಲಿ ಮಾತ್ರ ನಿಲ್ಲಬಲ್ಲದು. ಭಯಾನಕವನ್ನೆಲ್ಲ ಮೊಳದಲ್ಲಿ ಅಳೆಯಬಹುದು.

2.ಆ. ಸಮೂಹಚರ್ಮ. ನಾಗಮಂಗಲ ಕಡೆಯ ದೊಡ್ಡ ಗೊಂಬೆಗಳಲ್ಲಿ ಹಲವು ಪಾತ್ರಗಳನ್ನೂ ಅವುಗಳ ಸನ್ನಿವೇಶವನ್ನೂ ಒಂದೇ ತೊಗಲಿನಲ್ಲಿ ಕೊರೆಯುವ ಪದ್ಧತಿಯುಂಟು. ಈ ರೀತಿಯಲ್ಲಿ ಹುಲಿ, ಹುಡುಗ, ದೋಣಿ, ಅಲೆ ನಾಲ್ಕೂ ಒಂದು ಮೇಕೆಯ ಚರ್ಮದಲ್ಲಿ ಸಮವಾಯಸಂಬಂಧದಿಂದ ಇರುತ್ತವೆ. ಹುಡುಗನನ್ನು ತಿನ್ನಬೇಕಾದರೆ ಹುಲಿಯು ತನ್ನನ್ನೇ ಹರಿದುಕೊಳ್ಳಬೇಕು. ಕಾದಂಬರಿಕಾರರಿಗೆ ನೂರಾರು ಪುಟ ಹಿಡಿದ ಅಭಕ್ಷಣವು ಇಲ್ಲಿ ಉಳಿಯ ಒಂದೇ ಸಂಯಮದಿಂದ ಸಿದ್ಧಿಸುತ್ತದೆ. ಇನ್ನೂ ಸೂಕ್ಷ್ಮವಾದ ವಿಷಯ: ಅದೇ ಕಾದಂಬರಿಯಲ್ಲಿ ತಂದೆಯು ಮಕ್ಕಳಿಗೆ ಪಾಠ ಕಲಿಸಲೆಂದು ಹುಲಿಯ ಮುಂದೆ ಮೇಕೆಯೊಂದನ್ನು ಬಿಡಿಸುತ್ತಾನೆ. ಆ ಹುಲಿಯ ಹೆಸರು ಮಹಿಷ. ನಮ್ಮ ಸೀಮೆಯವರಿಗೆ ಪರಿಚಿತ ನಾಮ. ನಾಗಮಂಗಲದ ಪರದೆಯಲ್ಲಿ ಭಕ್ಷಕವೂ ಮೇಕೆ, ಭಕ್ಷ್ಯವೂ ಮೇಕೆ. ಇದಕ್ಕೆ ಅಜಾದ್ವೈತವೆಂದು ಹೆಸರು.

ಉಪಪಾತ್ರವಿಚಾರ: ಪ್ರಸಂಗ ರಾಮಾಯಣವಿರಲಿ ಭಾರತವಿರಲಿ, ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕರೆಂಬ ಹಾಸ್ಯಪಾತ್ರಗಳ ಪ್ರವೇಶವು ರೂಢಿ. ಇಲ್ಲಿಯೂ ಅವರಿಗೆ ದೋಣಿಯಲ್ಲಿ ಸ್ಥಳ ಕೊಡಬೇಕು. ಗೊಂಬೆಯಾಡಿಸುವ ಕಿಳ್ಳೇಕ್ಯಾತ ಸಮುದಾಯಕ್ಕೆ ಮೀನುಗಾರಿಕೆಯೂ ಕುಲವೃತ್ತಿಯಾದ್ದರಿಂದ ಆಹಾರಪ್ರಶ್ನೆ ತಾನಾಗಿ ಪರಿಹಾರವಾಗುತ್ತದೆ.

ಯಾನನಿರ್ಣಯ: ದೋಣಿಗೆ ಬದಲಾಗಿ ಹರಿಗೋಲು ಗ್ರಾಹ್ಯವೇ? ದೋಣಿಗೆ ತಲೆ ಬಾಲವುಂಟು. ಹುಲಿಯ ಸೀಮೆ, ಹುಡುಗನ ಸೀಮೆ ಎಂದು ವಿಭಾಗ ಸಾಧ್ಯ. ಹರಿಗೋಲು ವರ್ತುಲಾಕಾರ, ಭ್ರಮಣಶೀಲ. ಅದರಲ್ಲಿ ಈ ಕ್ಷಣ ಹುಲಿಯ ದಿಕ್ಕಾದದ್ದು ಮರುಕ್ಷಣ ಹುಡುಗನ ದಿಕ್ಕಾಗುತ್ತದೆ. ಗಡಿಯಿಲ್ಲದೆಡೆ ಸಹಬಾಳ್ವೆಯಿಲ್ಲ. ಆದ್ದರಿಂದ, ಗಡಿಯನ್ನು ಉಳಿಯೇ ಕೊರೆದಿಟ್ಟ ಸಮೂಹಚರ್ಮದಲ್ಲಿ ಹರಿಗೋಲು ಗ್ರಾಹ್ಯ, ಏಕಪಾತ್ರಚರ್ಮದಲ್ಲಿ ತ್ಯಾಜ್ಯ. ಈ ತೀರ್ಪನ್ನು ಒಪ್ಪದ ಪಾಂಡವಪುರ, ಕೃಷ್ಣರಾಜಪೇಟೆಯ ಪಂಡಿತರು ಯುಕ್ತವಾದ ಹುಲಿಯೊಡನೆ ಹರಿಗೋಲು ಹತ್ತಿ ಪರೀಕ್ಷಿಸಿ, ತಮ್ಮ ಆಕ್ಷೇಪಗಳನ್ನು ಲಿಖಿತವಾಗಿ ಸಲ್ಲಿಸತಕ್ಕದ್ದು.