ಇನಾಮು ತಿಂದ ಆಡು

ಸ್ಮರಣ ಸಂಚಿಕೆ ತರಬೇಕೆಂದು ಯಾವ ಸಮಿತಿಗೆ ಹೊಳೆದರೂ ಅದರ ಕಣ್ಣು ಮೊದಲು ಬೀಳುವುದು ನಿವೃತ್ತ ಮೇಷ್ಟರ ಮೇಲೆ. ದುಡ್ಡು ಕೊಡಬೇಕಿಲ್ಲ, ಒಂದು ಶಾಲು ಹೊದಿಸಿದರೆ ಮುಗಿಯಿತು. ನಮ್ಮ ತಾಲ್ಲೂಕು ಸಾಹಿತ್ಯ ಸಮ್ಮೇಳನದವರು ನನ್ನನ್ನು ಹಿಡಿದದ್ದೂ ಹೀಗೆಯೇ. "ಮೇಷ್ಟ್ರೇ, ಹಳೇ ರೆಕಾರ್ಡೆಲ್ಲ ನೋಡಿ ತಾಲ್ಲೂಕಿನ ಭವ್ಯ ಇತಿಹಾಸ ಬರೆದುಕೊಡಿ" ಅಂದರು. ಕಾಫಿ ಕುಡಿದು ಎದ್ದುಹೋದವರು ಒಬ್ಬೊಬ್ಬರಾಗಿ ವಾಪಸು ಬಂದು, ಚಪ್ಪಲಿ ಮರೆತವರಂತೆ ನಟಿಸಿ, ಕಿವಿಯಲ್ಲಿ ತಮ್ಮ ತಮ್ಮ ಮುತ್ತಾತನ ಹೆಸರು ಹೇಳಿದರು. ಒಬ್ಬರ ಮುತ್ತಾತ ಟಿಪ್ಪುವಿನ ಕುದುರೆಗೆ ನೀರು ಕುಡಿಸಿದ್ದನಂತೆ. ಇನ್ನೊಬ್ಬರ ಮುತ್ತಾತ ದಿವಾನ್ ಪೂರ್ಣಯ್ಯನವರ ಲೆಕ್ಕದಲ್ಲೇ ತಪ್ಪು ಹುಡುಕಿ ಶಭಾಷ್‌ಗಿರಿ ಪಡೆದಿದ್ದರಂತೆ. ಸುಮ್ಮನೆ ರಾಗಿ ಬೆಳೆದುಕೊಂಡು, ಮುದ್ದೆ ಉಂಡು ಸತ್ತ ಮುತ್ತಾತ ನಮ್ಮ ತಾಲ್ಲೂಕಿನಲ್ಲಿ ಒಬ್ಬನೂ ಇಲ್ಲ.

ರೆಕಾರ್ಡ್ ರೂಮು ಇದ್ದದ್ದು ಒಂದು ಹಳೇ ಕಚೇರಿಯ ಹಿಂಭಾಗದಲ್ಲಿ. ಕಬ್ಬಿಣದ ರ‍್ಯಾಕುಗಳ ತುಂಬ ಕೆಂಪು ಬಟ್ಟೆಯ ಗಂಟುಗಳು. ಗಂಟು ಬಿಚ್ಚಿದರೆ ಮೊದಲು ಧೂಳು, ಆಮೇಲೆ ಸೀನು, ಅದೆಲ್ಲ ಮುಗಿದ ಮೇಲೆ ಚರಿತ್ರೆ. "ಪಹಣಿನಾ ಸಾರ್, ಖಾತೆನಾ?" ಎಂದು ಗುಮಾಸ್ತರು ಕೇಳಿದರು. ಅಲ್ಲಿಗೆ ಬರುವವರು ಜಮೀನಿಗಾಗಿ ಬರುತ್ತಾರೆ, ಇಲ್ಲವೇ ಅಣ್ಣತಮ್ಮಂದಿರ ಜಮೀನಿಗಾಗಿ ಬರುತ್ತಾರೆ. ಇತಿಹಾಸ ಅಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಏನೂ ಹೇಳದೆ ಫ್ಯಾನು ಹಾಕಿದರು. ಸರ್ಕಾರಿ ಕಚೇರಿಯಲ್ಲಿ ಇದಕ್ಕಿಂತ ದೊಡ್ಡ ಕನಿಕರ ಇಲ್ಲ. ನೂರೈವತ್ತು ವರ್ಷದ ಹಾಳೆಗಳೆಲ್ಲ ಹಾರಾಡತೊಡಗಿದ್ದರಿಂದ ಆ ಕನಿಕರವನ್ನು ನಾನೇ ಎದ್ದು ಆರಿಸಬೇಕಾಯಿತು.

ಭವ್ಯವಾದದ್ದು ಮಾತ್ರ ಏನೂ ಸಿಗಲಿಲ್ಲ. ಪ್ಲೇಗಿಗೆ ಹೆದರಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡವರ ಮನೆಯಿಂದ ಒನಕೆ ಕಳುವಾಗಿತ್ತು. ಅದರ ದೂರು ಸಿಕ್ಕಿತು. ಶಾಲೆಯ ಮೇಷ್ಟರು ಇನ್‌ಸ್ಪೆಕ್ಟರ್ ಬಂದಾಗ ನಿದ್ದೆ ಮಾಡುತ್ತಿದ್ದರೆಂಬ ವರದಿ ಸಿಕ್ಕಿತು; ಜಾತಿಬಾಂಧವನೆಂಬ ಅಭಿಮಾನದಿಂದ ಅದನ್ನು ಮತ್ತೆ ಗಂಟಿನ ತಳಕ್ಕೆ ತಳ್ಳಿದೆ. ಹೀಗಿರುವಾಗ ಸಿಕ್ಕಿದ್ದು 'ವಿಭವ ಸಂವತ್ಸರ' ಎಂದು ಶುರುವಾಗುವ ಒಂದು ಕಟ್ಟು. ವಿಭವ 1868ರಲ್ಲೂ ಬಂದಿದೆ, 1928ರಲ್ಲೂ ಬಂದಿದೆ, 1988ರಲ್ಲೂ ಬಂದಿದೆ. ಮೂರನೆಯ ವಿಭವದಲ್ಲಿ ನಾನೇ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಒಳಗೆ ಅಮಲ್ದಾರರ ಹುಕುಂ, ಇನಾಂ ವಿಚಾರಣೆ ಎಲ್ಲ ಇದ್ದುದರಿಂದ ಇದು ಮೊದಲನೆಯದು, ಬೌರಿಂಗ್ ಸಾಹೇಬರು ಮೈಸೂರಿನ ಕಮಿಷನರ್ ಆಗಿದ್ದ ಕಾಲದ್ದು ಎಂದು ತೀರ್ಮಾನಿಸಿದೆ.

ಇನಾಮು ಜಮೀನುಗಳ ಹಕ್ಕು ಪರೀಕ್ಷಿಸಲು ಮೈಸೂರು ಸೀಮೆಯಲ್ಲಿ 1866ರಲ್ಲಿ ಇನಾಂ ಕಮಿಷನ್ ಶುರುವಾಗಿತ್ತು. ಹಳೇ ದಾಖಲೆ ಹಾಜರು ಮಾಡು ಎಂದು ಅಮಲ್ದಾರರು ಒಂದು ಹಳ್ಳಿಯ ಶಾನುಭೋಗರಿಗೆ ಬರೆದರು. ಶಾನುಭೋಗರು ಬಿನ್ನಹ ಮಾಡಿಕೊಂಡರು: ತೀರ್ಥರೂಪರ ಕಾಲದ ಕಡತವನ್ನು ಆಡು ತಿಂದಿದೆ.

ಇದನ್ನು ಓದಿ ನಗುವ ಮುಂಚೆ ಕಡತ ಹೇಗಿರುತ್ತಿತ್ತೆಂದು ತಿಳಿದಿರಬೇಕು. ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯಲ್ಲಿ ಇದನ್ನು ಬಣ್ಣಿಸಿದ್ದಾನೆ. 12ರಿಂದ 18 ಅಡಿ ಉದ್ದ ಅನ್ನುತ್ತಾನೆ. ವಿಲ್ಕ್ಸ್ ನೋಡಿದ್ದು ಚರಿತ್ರೆಕಾರನ ಕಣ್ಣಿನಲ್ಲಿ. ಆಡಿನ ಕಣ್ಣಿನಲ್ಲಿ ನೋಡಿ: ಬಟ್ಟೆ, ಅದರ ಮೇಲೆ ಹುಣಿಸೆಬೀಜದ ಲೇಪ. ದಾಖಲೆಯಲ್ಲ, ಫಲಾಹಾರ.

ಅಮಲ್ದಾರರು ಬಿಡುವ ಆಸಾಮಿಯಲ್ಲ. ಆಡು ಯಾರದು ಎಂದು ಕೇಳಿದರು. ಬಿಡಾಡಿ ಆಡು, ನಮ್ಮ ಕುಲದಲ್ಲಿ ಆಡು ಸಾಕುವ ಪದ್ಧತಿಯೇ ಇಲ್ಲ ಎಂದು ಶಾನುಭೋಗರು ಉತ್ತರ ಕೊಟ್ಟರು. ಪಟೇಲನನ್ನು ವಿಚಾರಿಸಲಾಯಿತು. ಪಟೇಲ ಇಂಥ ಒಂದು ದಿನಕ್ಕಾಗಿ ವರ್ಷಗಟ್ಟಲೆ ಕಾದಿದ್ದನೆಂದು ಅವನ ಕಾಗದ ನೋಡಿದರೆ ತಿಳಿಯುತ್ತದೆ. ಶಾನುಭೋಗರ ಮಗುವಿಗೆ ಕೆಮ್ಮು, ಪಂಡಿತರು ಆಡಿನ ಹಾಲು ಹೇಳಿದ್ದಾರೆ, ಹಿತ್ತಲಲ್ಲಿ ಆಡು ಕಟ್ಟಿದ್ದಾರೆ, ಅವರ ಮನೆಯವರು ಅದನ್ನು ಹೆಸರು ಹಿಡಿದು ಕರೆಯುತ್ತಾರೆ, ಆ ಹೆಸರು ಇಂಥದ್ದು ಎಂದು ಎಲ್ಲವನ್ನೂ ವಿವರವಾಗಿ ಬರೆದಿದ್ದ. ಹೆಸರು ಗೌರಿ.

ಎರಡನೆಯ ಪ್ರಶ್ನೆ: ಎಷ್ಟು ಮಡಿಕೆ ತಿಂದಿದೆ? ಮೂರು ಮಡಿಕೆ. ಮೂರೂ ಒಂದೇ ಇನಾಮಿಗೆ ಸೇರಿದವು. ಅದರ ಹಿಂದಿನ ಮಡಿಕೆಗೂ ಮುಂದಿನ ಮಡಿಕೆಗೂ ಹಲ್ಲು ತಾಗಿಲ್ಲ. ಈ ಉತ್ತರದ ಅಂಚಿನಲ್ಲಿ ಅಮಲ್ದಾರರ ಷರಾ ಇದೆ: 'ಆಡಿಗೆ ಓದು ಬರುವುದೇ, ವಿಚಾರಿಸಿ ತಿಳಿಸುವುದು.' ಆ ಷರಾದ ಮುಂದೆ ನಾನು ಕುರ್ಚಿಯಿಂದೆದ್ದು ಕೈಮುಗಿದೆ. ಗುಮಾಸ್ತರು ಗಾಬರಿಯಾಗಿ ನೀರು ತಂದರು. ಓದಿ ಹೇಳಿದೆ. ಆಮೇಲೆ ಆ ಮನುಷ್ಯ ತನ್ನ ಕುರ್ಚಿಗೆ ಹಿಂತಿರುಗಲೇ ಇಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು.

ಆಡನ್ನು ಹಿಡಿದು ದೊಡ್ಡಿಗೆ ಹಾಕಲಾಯಿತು. ದೊಡ್ಡಿಯ ಮೇವಿನ ಖರ್ಚಿಗೆ ಪಟೇಲ ದಿನಲೆಕ್ಕದಲ್ಲಿ ಪಟ್ಟಿ ಕಳಿಸಿದ. ಒಂದು ಆಡು ಇಷ್ಟು ಹುರುಳಿ ಹೊಟ್ಟು ತಿನ್ನುವುದಾದರೆ ಕಡತವನ್ನು ಯಾಕೆ ತಿನ್ನುತ್ತಿತ್ತು ಎಂದು ಶಾನುಭೋಗರು ತಕರಾರು ಹಾಕಿದರು. ನ್ಯಾಯವಾದ ಪ್ರಶ್ನೆಯೇ. ಅಷ್ಟರಲ್ಲಿ ಗೌರಿ ದೊಡ್ಡಿಯಲ್ಲೇ ಎರಡು ಮರಿ ಹಾಕಿತು. ಸರ್ಕಾರದ ಸುಪರ್ದಿನಲ್ಲಿ ಹುಟ್ಟಿದ ಮರಿಗಳು ಯಾರ ಸ್ವತ್ತು ಎಂದು ಮೇಲಿನ ಕಚೇರಿಗೆ ಕಾಗದ ಹೋಯಿತು. ರೆಕಾರ್ಡ್ ರೂಮಿನಲ್ಲೂ ಈ ಬಗ್ಗೆ ಎರಡು ಪಕ್ಷವಾಯಿತು. ಮರಿ ತಾಯಿಯ ಒಡೆಯನದು ಎಂದು ಗುಮಾಸ್ತರು, ಮೇವು ಹಾಕಿದವನದು ಎಂದು ಅಟೆಂಡರು. ಪಹಣಿಗೆ ಬಂದಿದ್ದ ರೈತರೊಬ್ಬರು ತಮ್ಮ ಅರ್ಜಿ ಮರೆತು, "ಒಂದು ಸರ್ಕಾರಕ್ಕೆ, ಒಂದು ಶಾನುಭೋಗರಿಗೆ" ಎಂದು ರಾಜಿ ಮಾಡಿಸಿದರು. ಟೀ ತರಿಸಿದೆವು. ಕೊನೆಯ ಹಾಳೆ ತಿರುವಿದೆ. 'ಆದಕಾರಣ ಸದರಿ ಆಡನ್ನು' ಎಂದಿತ್ತು. ಅಲ್ಲಿಂದ ಮುಂದೆ ಹಾಳೆಯೇ ಇಲ್ಲ, ಗೆದ್ದಲು ತಿಂದಿತ್ತು. ಗೆದ್ದಲಿನ ಮೇಲೆ ಯಾವ ಅಮಲ್ದಾರರೂ ವಿಚಾರಣೆ ನಡೆಸಿದಂತಿಲ್ಲ.

ಮನೆಗೆ ಬಂದು ಕೈಕಾಲು ಕುಣಿಸಿಕೊಂಡು ಇದನ್ನೆಲ್ಲ ಹೇಳಿದೆ. ನನ್ನ ಹೆಂಡತಿ ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ರೀ, ಆ ಮೂರು ಮಡಿಕೇಲಿದ್ದ ಜಮೀನು ಯಾರದು?"

ಅದನ್ನು ನಾನು ನೋಡಿಯೇ ಇರಲಿಲ್ಲ. ಮಾರನೇ ದಿನ ಹೋಗಿ ನೋಡಿದೆ. ಊರಿನ ತೋಟಿಯದು. ಊರ ಚಾಕರಿಗೆಂದು ಹಿಂದಿನವರು ಬಿಟ್ಟಿದ್ದ ತುಂಡು ಹೊಲ. ಅವನ ಅರ್ಜಿಯೂ ಕಟ್ಟಿನ ತಳದಲ್ಲಿತ್ತು, ಯಾರಿಂದಲೋ ಬರೆಸಿದ್ದು, ನಾಲ್ಕೇ ಸಾಲು. ನಮ್ಮಪ್ಪ ಉಳುತ್ತಿದ್ದ, ನಾನು ಉಳುತ್ತಿದ್ದೇನೆ, ಈಗ ಉಳಬೇಡ ಅನ್ನುತ್ತಾರೆ, ಬುದ್ಧಿಯವರು ದಯಮಾಡಬೇಕು. ರುಜು ಇರಬೇಕಾದಲ್ಲಿ ಒಂದು ಗೀಟು. ಇಡೀ ಕಟ್ಟಿನಲ್ಲಿ ಆಡಿನ ಮಾತೆತ್ತದ ಕಾಗದ ಅದೊಂದೇ. ಅದಕ್ಕೆ ಅಮಲ್ದಾರರ ಷರಾ ಇಲ್ಲ. ಆಡಿನ ವಿಷಯದಲ್ಲಿ ಅಷ್ಟು ಚುರುಕಾಗಿದ್ದ ಲೇಖನಿ ಇಲ್ಲಿ ಒಂದು ಚುಕ್ಕೆಯನ್ನೂ ಇಟ್ಟಿಲ್ಲ. ಗುಮಾಸ್ತರಿಗೂ ಓದಿ ಹೇಳಿದೆ. ಅವತ್ತು ಟೀ ತರಿಸಬೇಕೆಂದು ಯಾರಿಗೂ ತೋಚಲಿಲ್ಲ.

ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೆ. ಸಮಿತಿಯವರು ಆಡಿನವರೆಗೆ ಹೊಟ್ಟೆ ಹಿಡಿದು ನಕ್ಕರು. ಆಮೇಲೆ, "ಆಡು ಇರಲಿ ಮೇಷ್ಟ್ರೇ, ತುಂಬ ಚೆನ್ನಾಗಿದೆ. ಆ ತೋಟಿ ವಿಷಯ ತೆಗೆದುಬಿಡಿ, ಸುಮ್ಮನೆ ಯಾಕೆ?" ಅಂದರು. ಹಾಗೆ ಅಂದವರು ಪೂರ್ಣಯ್ಯನವರ ಲೆಕ್ಕ ತಿದ್ದಿದ ಮುತ್ತಾತನ ಮೊಮ್ಮಗನ ಮಗ. ಅವರ ಊರು ಯಾವುದೆಂದು ನಾನು ಬಾಯಿ ಬಿಟ್ಟು ಹೇಳಬೇಕಿಲ್ಲ. ಕಡತದಿಂದ ಮಡಿಕೆ ತೆಗೆಯುವ ವಿದ್ಯೆ ಆ ಮನೆತನದಲ್ಲಿ ಇನ್ನೂ ಉಳಿದಿದೆ. ಲೇಖನ ವಾಪಸು ತಂದೆ. ಸಂಚಿಕೆಯಲ್ಲಿ ಅದರ ಜಾಗಕ್ಕೆ, ನಮ್ಮೂರು ಮೊಲವು ನಾಯಿಯನ್ನು ಅಟ್ಟಿಸಿಕೊಂಡು ಹೋದ ಗಂಡುಮೆಟ್ಟಿನ ನೆಲ ಎಂಬ ಬರಹ ಬಂತು. ಕರ್ನಾಟಕದ ಎಷ್ಟು ಊರುಗಳಲ್ಲಿ ಆ ಮೊಲ ಓಡಿದೆಯೋ, ಅದರ ಕಾಲಿಗೆ ನಮಸ್ಕಾರ.

ಮೈಸೂರು ರಾಜ್ಯದಲ್ಲಿ ಶಾನುಭೋಗಿಕೆ, ಪಟೇಲಿಕೆಗಳು 1963ರ ಫೆಬ್ರವರಿ 1ಕ್ಕೆ ಮುಗಿದವು. ಹುದ್ದೆ ಹೋಯಿತು, ಗಂಟುಗಳು ಎಷ್ಟೋ ಮನೆಗಳ ಅಟ್ಟದಲ್ಲೇ ಉಳಿದವು. ನಿಮ್ಮ ಅಟ್ಟದಲ್ಲೂ ಒಂದಿದ್ದರೆ ಹೊಳೆಗೆ ಬಿಡಬೇಡಿ, ಗುಜರಿಗೆ ಹಾಕಬೇಡಿ. ರಾಜ್ಯ ಪತ್ರಾಗಾರ ಇಲಾಖೆಗೆ ಕೊಡಿ, ಇಲ್ಲವೇ ಓದಬಲ್ಲ ಯಾರಿಗಾದರೂ ತೋರಿಸಿ. ಮೂರು ಮಡಿಕೆಯ ಒಂದು ಕಪ್ಪು ಬಟ್ಟೆ ಕಂಡರೆ ನನಗೆ ತಿಳಿಸಿ. ಅದು ಯಾವ ಆಡಿನ ಹೊಟ್ಟೆಗೂ ಹೋಗಿರಲಾರದೆಂದು ನನ್ನ ಗುಮಾನಿ. ಮನೆಯಲ್ಲಿ ನಿಜವಾಗಿಯೂ ಆಡು ಸಾಕಿದ್ದರೆ ಸ್ವಲ್ಪ ಬೇಗ ನೋಡಿ.